ಯಾರೂ ಚಂದ ಅನ್ನದ ತೊಟ್ಟಿಲು

ಒಂದಾನೊಂದು ಊರಿತ್ತಂತೆ. ಆ ಊರಿಗೆ ಏಳು ಓಣಿ, ಏಳು ಓಣಿಗೂ ಒಬ್ಬನೇ ಬಡಿಗ. ಅವನ ಹೆಸರು ಮೋನಪ್ಪ. ಹೆಸರಷ್ಟೇ ಮೋನಪ್ಪ, ಬಾಯಿ ಮಾತ್ರ ಒಂದು ಗಳಿಗೆ ಸುಮ್ಮನಿದ್ದದ್ದಲ್ಲ. "ನಾನು ಬಾಚಿ ಎತ್ತಿದ್ರ ಎಲ್ಲಿ ಕಡೀಬೇಕು ಅಂತ ಮರಾನ ಹೇಳತೈತಿ" ಅನ್ನುವನಂತೆ. ಸುಳ್ಳೂ ಅಲ್ಲ. ದೊಡ್ಡಪ್ಪನ ಮೊಮ್ಮಗನಿಗೆ ಅವನದೇ ತೊಟ್ಟಿಲು, ಚಿಕ್ಕವ್ವನ ಮಗಳಿಗೆ ಅವನದೇ ತೊಟ್ಟಿಲು, ಅತ್ತೆ ಮನೆಯ ಅವಳಿ ಕೂಸುಗಳಿಗೆ ಅವನದೇ ಜೋಡಿ ತೊಟ್ಟಿಲು. ಬಳಗದಲ್ಲಿ ಹುಟ್ಟಿದ ಕೂಸಿಗೆಲ್ಲ ಮೊದಲು ಹೆತ್ತವ್ವನ ಮಡಿಲು, ಆಮೇಲೆ ಮೋನಪ್ಪನ ತೊಟ್ಟಿಲು.

ಅವನಿಗೊಬ್ಬಳು ಅಕ್ಕ, ಕಾಳವ್ವ. ಆಕೆ ಚೊಚ್ಚಲ ಹೆರಿಗೆಗೆ ತವರಿಗೆ ಬಂದಾಗ ಸಾಗವಾನಿ ತೊಟ್ಟಿಲು ಮಾಡಿದ. ನಾಲ್ಕು ಮೂಲೆಗೆ ನಾಲ್ಕು ಗಿಳಿ. ಏಳು ಓಣಿಯ ಜನ ಬಂದು "ಏನು ಚಂದ, ಏನು ಚಂದ" ಅಂದರು. ತಿಂಗಳು ತುಂಬುವುದರೊಳಗೆ ತೊಟ್ಟಿಲು ಬರಿದಾಯಿತು. ಎರಡನೆಯ ಹೆರಿಗೆಗೆ ಬೀಟೆ ಮರದ ತೊಟ್ಟಿಲು, ಎಂಟು ನವಿಲು. ಪಕ್ಕದೂರಿನವರೂ ಬಂದು ಚಂದ ಅಂದು ಹೋದರು. ಅದೂ ಬರಿದಾಯಿತು.

ಮೂರನೆಯ ಸಲ ಹೆಣ್ಣು ಕೂಸು ಹುಟ್ಟಿತಂತೆ. ಸೂಲಗಿತ್ತಿ ಈರಜ್ಜಿ ಹೊಕ್ಕುಳ ಬಳ್ಳಿ ಕೊಯ್ದು, ಕೈ ತೊಳೆದುಕೊಂಡು, ಮೋನಪ್ಪನನ್ನು ಹಿತ್ತಲಿಗೆ ಕರೆದಳು.

"ಲೇ ಮೋನ್ಯಾ, ಕಣ್ಣವ್ವ ಅಂತ ಒಬ್ಬಾಕಿ ಊರೂರು ತಿರಗತಾಳ. ತೊಟ್ಟಿಲ ಮುಂದ ಯಾರರೆ ಚಂದ ಅಂದ್ರ ಆಕಿ ಕಿವಿಗೆ ಬೀಳತೈತಿ. ಬಂದು ಕೂಸಿನ್ನ ಎತಗೊಂಡು ಹೋಗತಾಳ. ಎರಡು ಸಲಾನೂ ನಿನ್ನ ಗಿಳಿ, ನಿನ್ನ ನವಿಲಾನ ಆಕಿನ್ನ ಕರದು ತಂದಾವು."

ಮೋನಪ್ಪ ಕೈಯಲ್ಲಿದ್ದ ಉಳಿಯನ್ನು ಕೆಳಗಿಟ್ಟ.

"ಈ ಸಲ ಯಾರೂ ಚಂದ ಅನ್ನದಂಥಾದ್ದು ಮಾಡು. ಹನ್ನೆರಡನೇ ದಿನ ತೊಟ್ಟಿಲಿಗೆ ಹಾಕೂವಾಗ ಆಕಿ ಯಾವುದರೆ ವೇಷದಾಗ ಬಂದ ಬರತಾಳ. ರೆಪ್ಪಿ ಬಡಿಯೂದಿಲ್ಲ, ಅದ ಗುರುತು. ಹಿಂಗ್ಯಾಕ ಮಾಡಿದಿ ಅಂತ ಯಾರು ಕೇಳಿದ್ರೂ ಗುಟ್ಟು ಬಿಡಬ್ಯಾಡ. ಗುಟ್ಟು ತಿಳೀತಂದ್ರ ಜನ ನಿನ್ನ ಜಾಣತನ ಹೊಗಳತಾರ. ಅದೂ ಹೊಗಳಿಕಿನ."

"ಇಷ್ಟ ಏನಜ್ಜಿ? ಕೆಟ್ಟದ್ದು ಮಾಡಾಕ ಅರ್ಧ ದಿನ ಸಾಕು."

ಅರ್ಧ ದಿನ ಅಂದವನು ಮೂರು ದಿನ ಕೂತ. ಗಿಳಿ ಇಲ್ಲ, ನವಿಲಿಲ್ಲ, ಬರೀ ಹಲಗೆ. ಹೊರಗೆ ತಂದಿಟ್ಟ. ಗಾಣದ ಶಿವಲಿಂಗಜ್ಜ ಹಾದು ಹೋಗುತ್ತ ಕೈಯಾಡಿಸಿ, "ಏನು ನುಣುಪೋ ತಮ್ಮಾ, ಬೆಣ್ಣಿ ಮುಟ್ಟಿದಂಗ ಆತು" ಅಂದ. ಮೋನಪ್ಪನ ಎದೆ ಮೊದಲು ಉಬ್ಬಿತು, ಆಮೇಲೆ ಕುಸಿಯಿತು. ತೊಟ್ಟಿಲು ಒಲೆಗೆ ಹೋಯಿತು.

ಮತ್ತೆ ಮೂರು ದಿನ ಕೂತ. ಈ ಸಲ ಎಡಗೈಯಲ್ಲಿ ಉಳಿ ಹಿಡಿದ. ಏನು ಮಾಡೋದು, ಹತ್ತು ವರ್ಷ ಬಲಗೈಯ ಪಕ್ಕದಲ್ಲೇ ಇದ್ದ ಎಡಗೈ ಕಳ್ಳತನದಿಂದ ವಿದ್ಯೆ ಕಲಿತುಬಿಟ್ಟಿತ್ತು. ನೀರಿಗೆ ಹೊರಟ ಹೆಂಗಸರು ಕೊಡ ಇಳಿಸಿ, "ಇದೇನೋ ಹೊಸಾ ನಮೂನಿ, ಚಂದ ಐತಲ್ಲೋ" ಅಂದರು. ಅದೂ ಒಲೆಗೆ ಹೋಯಿತು.

ಏಳನೆಯ ದಿನ ತಲೆ ಮೇಲೆ ಕೈ ಹೊತ್ತು ಕೂತಿದ್ದ. ಕೂಸು ಮೊರದಲ್ಲಿ ಮಲಗಿತ್ತು. ಬಾಣಂತಿ ಕೋಣೆಯ ಹೊಸ್ತಿಲಿಂದ ಕಾಳವ್ವ ಕೇಳಿದಳು, "ತಮ್ಮಾ, ನಿನಗ ಹೊಗಳಿಕಿ ಬೇಕೋ, ಸೊಸಿ ಬೇಕೋ?"

ಮೋನಪ್ಪ ದಡಕ್ಕನೆ ಎದ್ದು ಹೋದ. ಎಲ್ಲಿಗೆ? ಬಣವೆಯ ಹಿಂದಕ್ಕೆ. ಅಲ್ಲಿ ಮುಳ್ಳುಕಂಟಿಯ ಕೆಳಗೆ ಅವನೊಂದು ರಾಶಿ ಬಚ್ಚಿಟ್ಟಿದ್ದನಂತೆ. ಹತ್ತು ವರ್ಷದಲ್ಲಿ ಅವನ ಕೈ ಕೆಡಿಸಿದ್ದೆಲ್ಲ ಅಲ್ಲಿತ್ತು. ಎರಡು ಬೆರಳು ಗಿಡ್ಡ ಕೊಯ್ದ ಬಾಗಿಲ ಹಲಗೆ, ತೂತು ತಪ್ಪಿದ ಮಂಚದ ಕಾಲು, ಸೀಳಿಹೋದ ನೇಗಿಲು, ಕೊಕ್ಕು ಮುರಿದ ಗಿಳಿ. ಸುಟ್ಟರೆ ಹೊಗೆ ನೋಡಿ ಯಾರಾದರೂ ಕೇಳಿಯಾರು ಅಂತ ಸುಟ್ಟಿರಲಿಲ್ಲ.

ಎಲ್ಲವನ್ನೂ ಹೊತ್ತು ತಂದ. ಹೇಗಿದ್ದವೋ ಹಾಗೇ ಕೂಡಿಸಿದ. ಕೀಲು ಮಾತ್ರ ಒಂದಕ್ಕಿಂತ ಒಂದು ಗಟ್ಟಿ. ಕೂಸಿನ ಬದಲು ಒರಳುಕಲ್ಲಿನ ಗುಂಡು ಒಳಗಿಟ್ಟು ಮೂರು ದಿನ ತೂಗಿ ನೋಡಿದ. ಕಿರ್ರ್ ಅಂತು, ವಾಲಿತು, ಬೀಳಲಿಲ್ಲ.

ಹನ್ನೆರಡನೆಯ ದಿನ ಜಂತಿಗೆ ತೂಗುಹಾಕಿ, ಕೌದಿ ಹಾಸಿ, ಕೂಸನ್ನು ಮಲಗಿಸಿದರು. ನೆರೆದವರು ನಕ್ಕೇ ನಕ್ಕರು.

"ಇದು ತೊಟ್ಟಿಲೋ, ಕೋಳಿ ಬುಟ್ಟೀನೋ?"

"ಕುಡದು ಮಾಡ್ಯಾನವ್ವಾ."

ಅಷ್ಟರಲ್ಲಿ ಒಬ್ಬ ಬಳೆಗಾರ್ತಿ ಬಂದಳು. ಬಳೆಯ ಮಲಾರ ಇಳಿಸಿ ತೊಟ್ಟಿಲ ಮುಂದೆ ಕೂತಳು. ಮೋನಪ್ಪ ಆಕೆಯ ಕಣ್ಣು ನೋಡಿದ. ಒಂದು ಎಣಿಸಿದ, ಹತ್ತು ಎಣಿಸಿದ, ನೂರು ಎಣಿಸಿದ. ರೆಪ್ಪೆ ಅಲ್ಲಾಡಲಿಲ್ಲ.

"ಯಾರಪ್ಪಾ ಇದನ್ನ ಮಾಡಿದಾಂವ?"

"ನಾನಬೇ."

"ನೀನು ಕೆತ್ತಿದ ಗಿಳಿ ಹಾರತಾವ ಅಂತ ಕೇಳಿದ್ದೆ. ಆ ಗಿಳಿ ಮಾಡಿದಾಂವ ಬ್ಯಾರೆ ಯಾವನರೆ ಇದ್ದಿರಬೇಕು."

ಮೋನಪ್ಪನ ಕಿವಿ ಕೆಂಪಾದವು.

"ನಿಮ್ಮಪ್ಪ ಇದನ್ನ ನೋಡಿದ್ರ ನಿನ್ನ ಕೈಯಾಗಿನ ಉಳಿ ಕಸಗೊಂಡು ಕುರಿ ಕಾಯಾಕ ಕಳಸ್ತಿದ್ದ. ಖರೇ ಹೇಳು, ಬೇಕಂತನ ಹಿಂಗ ಮಾಡಿದಿಯಿಲ್ಲೋ?"

ಹೌದು ಅಂದರೆ ಸಾಕು, ನಗುವ ಬಾಯೆಲ್ಲ ಹೊಗಳುವ ಬಾಯಾಗುತ್ತಿತ್ತು. ಹತ್ತು ವರ್ಷದ ಜಂಬ ಗಂಟಲಿಗೆ ಬಂದು ನಿಂತಿತ್ತು. ಕಾಳವ್ವ ತೊಟ್ಟಿಲ ಹಗ್ಗ ಬಿಗಿಯಾಗಿ ಹಿಡಿದಳು. ಮೋನಪ್ಪ ಕೂಸಿನ ಮುಖ ನೋಡಿದ, ಜಂಬವನ್ನು ನುಂಗಿದ.

"ಇಲ್ಲಬೇ, ನನ್ನ ಕೈಯಿಂದ ಆದದ್ದ ಇಷ್ಟು. ಈ ಹಲಗಿ ನೋಡು, ಶಿವಲಿಂಗಜ್ಜನ ಬಾಗಲದ್ದು, ಗಿಡ್ಡ ಕೊಯ್ದು ಕೆಡಿಸಿದೆ. ಈ ಕಾಲಿನ ತೂತು ತಪ್ಪಿಸಿದೆ. ಈ ನೇಗಿಲಾ ಸೀಳಿದೆ. ಈ ಗಿಳಿ ಕೊಕ್ಕು ಮುರದೆ."

"ಅದಕ್ಕನ ಏನೋ ನನ್ನ ಬಾಗಲಾ ಆರು ತಿಂಗಳ ತಡ ಆತು?" ಅಂದ ಶಿವಲಿಂಗಜ್ಜ. ಮನೆಯೆಲ್ಲ ಗೊಳ್ಳೆಂದು ನಕ್ಕಿತು.

ಬಳೆಗಾರ್ತಿ ತೊಟ್ಟಿಲನ್ನು ಮೇಲೆ ನೋಡಿದಳು, ಕೆಳಗೆ ನೋಡಿದಳು. ಕಣ್ಣು ನಿಲ್ಲೋಕೆ ಒಂದು ಜಾಗವೂ ಸಿಗಲಿಲ್ಲ. ಬೇಸರ ಬಂದು ಆಕಳಿಸಿದಳು, ಆಕಳಿಸುತ್ತ ರೆಪ್ಪೆ ಬಡಿದಳು. ರೆಪ್ಪೆ ಬಡಿದ ಮೇಲೆ ಕಣ್ಣವ್ವನ ಶಕ್ತಿ ಅಲ್ಲಿಗೆ ಮುಗಿಯಿತಂತೆ. ಮಲಾರ ಹೊತ್ತು ಹೋದವಳು ಆ ಊರಿನ ದಾರಿಯನ್ನೇ ಮರೆತಳು.

ತಿಂಗಳು ತುಂಬಿತು, ಕೂಸು ನಕ್ಕಿತು. ವರ್ಷ ತುಂಬಿತು, ಕೂಸು ನಡೆಯಿತು. ಅದಕ್ಕೆ ತಿಪ್ಪವ್ವ ಅಂತ ಹೆಸರಿಟ್ಟಿದ್ದರು. ಮೋನಪ್ಪನಿಗೆ ಊರೇ ಇಟ್ಟ ಹೆಸರು ಸೊಟ್ಟ ಬಡಿಗ. ಐದು ವರ್ಷ ಆ ಹೆಸರು ಹೊತ್ತುಕೊಂಡೇ ತಿರುಗಿದ. ತಿಪ್ಪವ್ವ ಓಣಿಯ ಹುಡುಗರನ್ನೆಲ್ಲ ಹೊಡೆದು ಮನೆಗೆ ದೂರು ತರುವಷ್ಟು ಗಟ್ಟಿಯಾದ ಮೇಲೆ ಈರಜ್ಜಿಯೇ ಗುಟ್ಟು ಬಿಚ್ಚಿದಳು.

ಬಿಚ್ಚಿದ್ದೇ ತಡ, ಏಳು ಓಣಿಯ ಬಸುರಿಯರ ತಮ್ಮಂದಿರು, ಅಣ್ಣಂದಿರು ಮೋನಪ್ಪನ ಬಾಗಿಲಿಗೆ ಬಂದು ಸಾಲು ನಿಂತರಂತೆ. "ನಮಗೂ ಅಂಥಾದ್ದ ಒಂದು ತೊಟ್ಟಿಲಾ ಮಾಡಿಕೊಡೋ."

ಮೋನಪ್ಪ ಮೀಸೆಯ ಮೇಲೆ ಕೈ ಹಾಕಿದ. "ಚಂದ ಮಾಡೂದು ಯಾವನರೆ ಮಾಡ್ಯಾನು. ಹಿಂಗ ಕೆಡಸಾಕ ಏಳು ಓಣಿಯಾಗ ನಾನೊಬ್ಬನ."

ಅವರ ತೊಟ್ಟಿಲು ಅಲ್ಲಿ ಕಿರ್ರೆನ್ನುತ್ತ ತೂಗಲಿ, ನಮ್ಮ ನಿಮ್ಮ ಮನೆಯ ಕೂಸುಗಳು ಇಲ್ಲಿ ಕಣ್ತುಂಬ ನಿದ್ದೆ ಮಾಡಲಿ.