ಅವ್ವ ಸಾಕು ಅನ್ನುವವರೆಗೆ

ಆ ದಿನ ಓಬ ಬಾವಿಯಿಂದ ಎಷ್ಟು ಕೊಡ ನೀರು ಸೇದಿ ತಂದ, ಹೇಳಿ ನೋಡೋಣ! ಒಂದೇ? ಎರಡೇ? ಊಹೂಂ, ಇನ್ನೂ ಮೇಲೆ ಹೋಗಿ. ಸಿಗಲಿಲ್ಲವೇ? ಇರಲಿ, ಕತೆ ಕೇಳಿ.

ಓಬ ತಿಪ್ಪಮ್ಮನಿಗೆ ಒಬ್ಬನೇ ಮಗ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಅವಳಿಗೋ ಎರಡೂ ಕಣ್ಣಿಗೆ ಪೊರೆ. "ನಾನು ಕಣ್ಣು ಮುಚ್ಚಿದರೆ ಇವನ ಗತಿ ಏನಪ್ಪಾ!" ಅಂತ ಗೋಳಾಡುವಳು. "ಮುಚ್ಚಬೇಡವ್ವಾ, ತೆಕ್ಕೊಂಡೇ ಇರು!" ಅನ್ನುವನು ಓಬ.

ಒಂದು ದಿನ ಅವಳಿಗೆ ಊಟ ಸೇರಲಿಲ್ಲ.

"ಮಗಾ, ಬದುವಿನ ಮೇಲೆ ನೆಲನೆಲ್ಲಿ ಐತೆ. ಕಷಾಯಕ್ಕೆ ಎಲೆ ತಾ."

ತಂದ. ಒಂದೇ ಒಂದು ಎಲೆ!

"ಅಯ್ಯೋ ಪೆದ್ದೇ! ಇದು ಇರುವೆಗೂ ಸಾಲದು! ಬದುವಿನ ಮೇಲಿರೋದನ್ನ ತಬ್ಬಿಕೊಂಡು ತರಬೇಕು!"

"ಹೂಂ ಅವ್ವಾ!"

ಮರುದಿನ ತಬ್ಬಿಕೊಂಡು ತಂದ. ನೆಲನೆಲ್ಲಿ ಒಂದು ಹಿಡಿ. ಮಿಕ್ಕಿದ್ದೆಲ್ಲ ಹಳದಿ ಹೂವಿನ ಗಿಜಿಗಿಜಿ ಗಿಡ, ದನ ಕೂಡ ಮೂಸಿ ಬಿಡುವಂಥದ್ದು.

"ಏನೋ ಅದು, ಗಿಲಗಿಲ ಅಂತೈತೆ?"

"ಒಣಗಿದ ಕಾಯಿ ಅವ್ವಾ, ಗಿಲಕಿ ಇದ್ದಂಗೆ!"

"ಕಾಯಿ ಆಟಕ್ಕಿಟ್ಕೊ. ಸೊಪ್ಪು ಕುದಿಸು."

ಕುದಿಸಿದ. ಲೋಟದ ತಳಕ್ಕೆ ನಾಲ್ಕು ಹನಿ ಹಾಕಿ ಕೊಟ್ಟ.

"ಇಷ್ಟೇನೋ? ಕೊಡುವಾಗ ಕೈ ಹಿಡೀಬಾರದು. ಕುಡಿಯೋರು ಸಾಕು ಅನ್ನೋವರೆಗೆ ಹುಯ್ಯಬೇಕು!"

"ಹೂಂ ಅವ್ವಾ!"

ಎರಡು ತಿಂಗಳು ದಿನಾ ಹೊಯ್ದ. ತಿಪ್ಪಮ್ಮನ ಕಣ್ಣು ಅರಿಸಿನವಾಯಿತು, ಹೊಟ್ಟೆ ಗುಡಾಣವಾಯಿತು. ಕಾಮಾಲೆ ಅಂದರು ಊರವರು, ಕಷಾಯ ಇನ್ನಷ್ಟು ಕುಡಿ ಅಂದರು. ಕುಡಿದಳು. ಕೊನೆಗೆ ಪಕ್ಕದ ಮನೆ ಕಾಟಮ್ಮ ತಾಯಿಮಗನನ್ನು ಬಸ್ಸು ಹತ್ತಿಸಿ ಪೇಟೆಗೆ ಕರೆದೊಯ್ದಳು. ಡಾಕ್ಟರು ಕಷಾಯದ ಮಾತು ಕೇಳಿ, ಓಬನ ಕೈಯಲ್ಲಿ ಗಿಲಗಿಲ ಅನ್ನುತ್ತಿದ್ದ ಕಾಯಿ ನೋಡಿ ದಂಗಾದರು.

"ಈ ಗಿಡಾನ ಕುಡಿಸಿದೆಯಾ? ಲಿವರನ್ನೇ ತಿಂದುಹಾಕಿದೆಯಲ್ಲಯ್ಯಾ! ಇನ್ನು ನಿಮ್ಮವ್ವನ ಬಾಯಿಗೆ ಒಂದು ತೊಟ್ಟೂ ಬಿಡಬೇಡ!"

"ಹೂಂ ಸಾಮಿ!"

ಮನೆಗೆ ಬಂದರು. ತಿಪ್ಪಮ್ಮ "ನೀರು, ಮಗಾ" ಅಂದಳು.

"ಊಹೂಂ ಅವ್ವಾ. ತೊಟ್ಟೂ ಬೇಡ ಅಂದವ್ರೆ."

"ಒಂದೇ ಗುಟುಕು ಕಣಪ್ಪಾ."

ಓಬ ಚೆಂಬಿನ ಬಾಯಿಗೆ ಅಂಗೈ ಮುಚ್ಚಿ ಕೂತು ಅತ್ತ. ಅಳುತ್ತಲೇ ಕಾದ. ಬೆಳಗ್ಗೆ ಕಾಟಮ್ಮ ಬಂದು ಎದೆ ಬಡಿದುಕೊಂಡಳು.

"ಅಯ್ಯೋ ಪಾಪಿ, ಬೇಡ ಅಂದದ್ದು ಕಷಾಯಾನ! ಹೋಗೋ ಜೀವ ಕಣೋ, ಮಗನ ಕೈಯಿಂದ ನೀರು ಬಿಡೋ!"

ಬಿಟ್ಟ. ತಿಪ್ಪಮ್ಮ ಒಂದು ಗುಟುಕು ನುಂಗಿದಳು, ತಡಕಾಡಿ ಮಗನ ಕೆನ್ನೆ ಸವರಿದಳು, ಕಣ್ಣು ಮುಚ್ಚಿದಳು. ಬೈಯಲಿಲ್ಲ. ಸಾಕು ಅನ್ನಲೂ ಇಲ್ಲ.

ಓಬ ಹೊಯ್ದ. ಚೆಂಬು ಬರಿದಾಯಿತು, ಕೊಡ ತಂದ. ಕೊಡ ಬರಿದಾಯಿತು, ಬಾವಿಗೆ ಓಡಿದ. ಚಾಪೆ ನೆನೆಯಿತು, ನೀರು ಹೊಸಿಲು ದಾಟಿತು. ಕಾಟಮ್ಮ ಕೈ ಹಿಡಿದಳು.

"ಸಾಕು ಬಿಡೋ, ನನ್ನಪ್ಪಾ!"

"ನೀನಂದ್ರೆ ಆಗಲ್ಲ ಅತ್ತೆ. ಅವ್ವ ಅನ್ನಬೇಕು."

ಹನ್ನೊಂದು ಕೊಡ. ತಿಪ್ಪಮ್ಮ ಹೋದದ್ದು ಮಾರ್ಗಶಿರ ಶುದ್ಧ ಷಷ್ಠಿ, ಗುರುವಾರ.