ಹಗೇವಿಗೆ ಇಳಿಸಿದ ದೀಪ

"ಗುರುಗಳೇ, ಭೂಮಿ ವರ್ಷದಿಂದ ವರ್ಷಕ್ಕೆ ಬಿಸಿಯಾಗುತ್ತಿದೆ, ಅದಕ್ಕೆ ನಾವೇ ಕಾರಣ ಎಂದು ಅಳೆದು ನೋಡಿದವರು ಹೇಳುತ್ತಾರೆ. ನಮ್ಮಪ್ಪ ಮಾತ್ರ ಒಪ್ಪುವುದಿಲ್ಲ. ಯಾವುದನ್ನೂ ಸುಮ್ಮನೆ ನಂಬಬೇಡ ಎಂದು ಕಲಿಸಿದವರು ನೀವೇ ಅಲ್ಲವೇ? ಹಾಗಾದರೆ ನಮ್ಮಪ್ಪನ ಅನುಮಾನದಲ್ಲಿ ತಪ್ಪೇನು?" ಎಂದು ಮುರಿಗೆಪ್ಪ ಕೇಳಿದ. ಗುರುವನ್ನು ಅವರ ಮಾತಿನಲ್ಲೇ ಕಟ್ಟಿಹಾಕಿದೆನೆಂದು ಅವನಿಗೆ ಒಳಗೊಳಗೇ ಖುಷಿ.

ಗುರು ನಕ್ಕರು. "ಭಲೇ, ಚೆನ್ನಾಗಿಯೇ ಸಿಕ್ಕಿಸಿದೆಯಪ್ಪಾ! ಇರಲಿ, ಒಂದು ಕತೆ ಕೇಳು" ಎಂದು ಹೇಳತೊಡಗಿದರು.

ಒಂದೂರಲ್ಲಿ ಒಬ್ಬ ರೈತನೂ ಅವನ ತಮ್ಮನೂ ತಮ್ಮನ ಮಗನೂ ಒಂದೇ ಮನೆಯಲ್ಲಿದ್ದರು. ಅವರ ಜೋಳವೆಲ್ಲ ಹಗೇವಿನಲ್ಲಿತ್ತು. ಹಗೇವೆಂದರೆ ಗೊತ್ತಲ್ಲ, ನೆಲದೊಳಗೆ ತೋಡಿದ ಕಣಜ. ಕಾಳು ತುಂಬಿ ಬಾಯಿ ಮುಚ್ಚಿದರೆ ಒಳಗೆ ಕೆಟ್ಟ ಗಾಳಿ ಸೇರುತ್ತದೆ. ಅದಕ್ಕೇ ಬಾಯಿ ತೆಗೆದವರು ಮೊದಲು ಹಗ್ಗಕ್ಕೆ ದೀಪ ಕಟ್ಟಿ ಇಳಿಸುವುದು ಪದ್ಧತಿ. ದೀಪ ಉರಿಯುತ್ತಿದ್ದರೆ ಮಾತ್ರ ಮನುಷ್ಯ ಇಳಿಯಬೇಕು.

ಆ ದಿನ ದೀಪ ಆರಿತು. ಅಣ್ಣನೂ ತಟ್ಟನೆ ನಂಬಲಿಲ್ಲ ನೋಡು. ಮನೆಯಲ್ಲಿ ಹಿಡಿ ಹಿಟ್ಟಿರಲಿಲ್ಲ. ದೀಪ ಸುಳ್ಳಾಗಲಪ್ಪಾ ಎಂದೇ ಅವನೂ ಬೇಡಿಕೊಂಡ. ಗಾಳಿಗೆ ಆರಿರಬೇಕೆಂದು ಕಂಬಳಿ ಅಡ್ಡ ಹಿಡಿದು ಇನ್ನೊಮ್ಮೆ ಇಳಿಸಿದ. ಆರಿತು. ಎಣ್ಣೆ ಬದಲಿಸಿದ. ಆಗಲೂ ಆರಿತು.

"ತಮ್ಮಾ, ನನ್ನ ಅನುಮಾನ ತೀರಿತು. ಇವತ್ತು ಯಾರೂ ಇಳಿಯುವುದು ಬೇಡ. ಪಕ್ಕದ ಮನೆಯಿಂದ ಹಿಟ್ಟು ತರುತ್ತೇನೆ" ಎಂದ.

"ನನ್ನದು ತೀರಿಲ್ಲ. ಬತ್ತಿ ಹಸಿಯಾಗಿದ್ದಿರಬೇಕು" ಎಂದು ತಮ್ಮ ಸಿಡುಕಿದ.

"ಹಾಗಾದರೆ ಬತ್ತಿ ನೀನೇ ಹೊಸೆ. ದೀಪ ನೀನೇ ಇಳಿಸಿ ನೋಡು."

ತಮ್ಮ ಬತ್ತಿ ಮುಟ್ಟಲಿಲ್ಲ. ದೀಪದ ಕಡೆ ತಿರುಗಿಯೂ ನೋಡಲಿಲ್ಲ. "ನಿನ್ನದು ಬರೀ ಪುಕ್ಕಲುತನ, ಅಣ್ಣಾ" ಎಂದುಬಿಟ್ಟ.

ಅಣ್ಣ ಹಿಟ್ಟಿಗೆ ಹೋದದ್ದೇ ತಡ, ಹಗೇವಿಗೆ ಹಗ್ಗ ಇಳಿಯಿತು. ಅವನು ತಿರುಗಿ ಬರುವಷ್ಟರಲ್ಲಿ ಅಂಗಳದಲ್ಲಿ ಹೆಣ ಮಲಗಿತ್ತು. ಹಿಟ್ಟಿನ ಬುಟ್ಟಿಯನ್ನು ಅಲ್ಲೇ ಚೆಲ್ಲಿ, ಎದೆ ಬಡಿದುಕೊಂಡು ಅತ್ತ. ಇನ್ನೂ ಎರಡು ಮಾತು ಹೆಚ್ಚು ಹೇಳಬಾರದಿತ್ತೇ ಎಂದು ತನ್ನನ್ನೇ ಬೈದುಕೊಂಡ.

ಕತೆ ಅಲ್ಲಿಗೆ ನಿಂತಿತು. ಮುರಿಗೆಪ್ಪನ ಖುಷಿಯೆಲ್ಲ ಇಳಿದುಹೋಗಿತ್ತು. ತಮ್ಮನ ಮೇಲೆ ಸಿಟ್ಟೂ ಬಂತು, ಸಂಕಟವೂ ಆಯಿತು.

"ಅಯ್ಯೋ ಪಾಪ, ಹಟಕ್ಕೆ ಬಿದ್ದು ಪ್ರಾಣ ಕಳೆದುಕೊಂಡನಲ್ಲ ಗುರುಗಳೇ" ಎಂದ.

ಗುರು ಅವನ ಮುಖವನ್ನೇ ನೋಡುತ್ತ ಹೇಳಿದರು:

"ಮುರಿಗೆಪ್ಪಾ, ಹಟ ಮಾಡಿದವನು ಅಪ್ಪ, ಹಗೇವಿಗೆ ಇಳಿದವನು ಅವನ ಮಗ."