ಬಸಲಿಂಗಪ್ಪನವರ ಸುಮ್ಮನಿರದ ಕೈ

ಚಳ್ಳಕೆರೆಯ ಬಸಲಿಂಗಪ್ಪನವರ ಬಳಿ ಮೂವತ್ತೈದು ವರ್ಷದ ಹಳೆಯ ಕಾರೊಂದಿತ್ತು. ಅವರ ಮನೆತನದ ಮದುಮಕ್ಕಳೆಲ್ಲ ಕಲ್ಯಾಣ ಮಂಟಪಕ್ಕೆ ಹೋಗಿದ್ದು ಅದರಲ್ಲೇ. ಈಗ ತಮ್ಮನ ಮಗ ಓಂಕಾರನ ಸರದಿ. ತಮ್ಮ ತೀರಿಕೊಂಡು ಆರು ವರ್ಷವಾಗಿತ್ತು. ತಂದೆಯ ಜಾಗದಲ್ಲಿ ನಿಂತು ಮದುವೆ ಮಾಡಿಸಬೇಕಾದವರು ದೊಡ್ಡಪ್ಪ ಬಸಲಿಂಗಪ್ಪನವರೇ.

ಹಿರಿಯೂರಿನಲ್ಲಿ ಹನ್ನೊಂದೂಕಾಲಿಗೆ ಮುಹೂರ್ತ. ಹಿಂದಿನ ದಿನವೇ ದಸ್ತಗೀರ್ ಮೇಸ್ತ್ರಿ ಕಾರಿನ ನೀರು, ಆಯಿಲ್, ಬೆಲ್ಟು, ಬ್ಯಾಟರಿ ಎಲ್ಲ ನೋಡಿ ಕೊಟ್ಟಿದ್ದ. ಮನೆಯವರು ಬೆಳಿಗ್ಗೆಯೇ ಬಸ್ಸಿನಲ್ಲಿ ಹೊರಟುಹೋದರು. ಉಳಿದವರು ಮದುಮಗ ಮತ್ತು ದೊಡ್ಡಪ್ಪ ಇಬ್ಬರೇ.

ಬಸಲಿಂಗಪ್ಪನವರಿಗೆ ಸುಮ್ಮನಿದ್ದು ಅಭ್ಯಾಸವಿಲ್ಲ. ಹೂವಿನವನು ಕಾರಿಗೆ ಕಟ್ಟಿದ ಎರಡು ಹಾರ ಅವರ ಕಣ್ಣಿಗೆ ಬಡವಾಗಿ ಕಂಡವು. ಸೇವಂತಿಗೆ ತುಂಬಿದ ದೊಡ್ಡ ಥರ್ಮಾಕೋಲ್ ಹಲಗೆಯನ್ನು ತರಿಸಿ, ಕಾರಿನ ಮುಂದಿನ ಜಾಲರಿಗೆ ತಾವೇ ತಂತಿ ಬಿಗಿದು ಕಟ್ಟಿದರು. ರೇಡಿಯೇಟರಿಗೆ ಗಾಳಿ ಹೋಗುವುದು ಆ ಜಾಲರಿಯಿಂದ. ಕಾರಿನ ಮೂಗನ್ನೇ ಮುಚ್ಚಿದ್ದೇನೆಂದು ಅವರಿಗೆ ಹೊಳೆಯಲಿಲ್ಲ. ನಮಗಾದರೆ ಹೊಳೆದೀತು, ನಮ್ಮ ಮನೆಯಲ್ಲಿ ಇವತ್ತು ಮದುವೆಯಿಲ್ಲವಲ್ಲ.

ಹತ್ತು ಮೈಲಿ ದಾಟುವುದರೊಳಗೆ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆ ಮುಟ್ಟಿತು. ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು. ಬಸಲಿಂಗಪ್ಪನವರು ಗಡಿಯಾರ ನೋಡಿದರು. ಹತ್ತೂ ಇಪ್ಪತ್ತು.

ಸ್ವಲ್ಪ ಹೊತ್ತು ಆರಲು ಬಿಡೋಣ ಎಂದ ಓಂಕಾರ. ಆರುವ ತನಕ ಕಾಯುವ ಜೀವವೇ ಅದು? ಬಾನೆಟ್ ಎತ್ತಿ ಮೊದಲು ಬೆಲ್ಟು ಜಗ್ಗಿ ನೋಡಿದರು. ಅದು ಸರಿಯಿತ್ತು. ಆಮೇಲೆ ಫ್ಯೂಸುಗಳನ್ನು ಕಿತ್ತು, ಊದಿ, ಮತ್ತೆ ತುರುಕಿದರು. ಹಾರ್ನ್ ನಿಂತುಹೋಯಿತು. ಪ್ಲಗ್ಗಿನಲ್ಲೇ ಏನೋ ಇರಬೇಕೆಂದು ನಾಲ್ಕೂ ವಯರುಗಳನ್ನು ಒಟ್ಟಿಗೆ ಕಿತ್ತರು. ಪಂಚೆಯ ಅಂಚಿನಲ್ಲಿ ಒರೆಸಿ ಕೈಗೆ ಸಿಕ್ಕ ಹಾಗೆ ಸಿಕ್ಕಿಸಿದರು. ಬಿಸಿಯಾಗುತ್ತಿದ್ದ ಕಾರು ಈಗ ಸ್ಟಾರ್ಟೇ ಆಗಲಿಲ್ಲ.

ತಮ್ಮ ಬದುಕಿದ್ದರೆ ಈ ಹೊತ್ತಿಗೆ ಮಂಟಪದ ಬಾಗಿಲಲ್ಲಿ ನಿಂತಿರುತ್ತಿದ್ದ. ಮಂಟಪಕ್ಕೆ ಫೋನು ಮಾಡಿ, ದಸ್ತಗೀರ ಗಾಡಿ ಕೆಡಿಸಿ ಕೊಟ್ಟ, ನಂಬಿಸಿ ಕೈಕೊಟ್ಟ ಎಂದು ನೆಂಟರಿಗೆಲ್ಲ ಕೇಳುವಂತೆ ಕೂಗಾಡಿದರು. ನಂತರ ಮೇಸ್ತ್ರಿಗೇ ಫೋನು ಹಚ್ಚಿ ಬಾಯಿಗೆ ಬಂದಂತೆ ಬೈದರು. ಆತ, ಇನ್ನೇನೂ ಮುಟ್ಟಬೇಡಿ, ಬಂದೆ ಎಂದಷ್ಟೇ ಹೇಳಿದ.

ಹತ್ತೂ ಐವತ್ತಕ್ಕೆ ದಾರಿಹೋಕನೊಬ್ಬ ಬೈಕ್ ನಿಲ್ಲಿಸಿದ. ಅದರಲ್ಲಿ ಒಬ್ಬರಿಗೇ ಜಾಗ. ಬಾಸಿಂಗದ ಡಬ್ಬಿಯನ್ನು ಎದೆಗೊತ್ತಿಕೊಂಡು ಓಂಕಾರ ಹಿಂದೆ ಕೂತ. "ದೊಡ್ಡಪ್ಪಾ, ನೀವು ಬರೋ ತನಕ ತಡೀರಿ ಅಂತ ಅಯ್ನೋರಿಗೆ ಹೇಳ್ತೀನಿ" ಎಂದ. ಮುಹೂರ್ತ ಯಾರಿಗಾಗಿಯೂ ತಡೆಯುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ದಸ್ತಗೀರ ಸ್ಕೂಟರಿನಲ್ಲಿ ಬಂದಾಗ ಹನ್ನೊಂದೂ ಇಪ್ಪತ್ತು. ಅವನು ಬಾನೆಟ್ಟಿಗೆ ಕೈ ಹಚ್ಚಲಿಲ್ಲ.

"ಯಜಮಾನ್ರೇ, ನಿನ್ನೆ ನಾನು ಕೊಟ್ಟ ಮ್ಯಾಲೆ ಗಾಡಿಗೆ ಏನ್ ಮಾಡಿದ್ರಿ?"

ಏನೂ ಇಲ್ಲ ಎನ್ನಲು ಬಾಯಿ ತೆರೆದ ಬಸಲಿಂಗಪ್ಪನವರ ಕಣ್ಣು ಹೂವಿನ ಹಲಗೆಯ ಮೇಲೆ ಬಿತ್ತು. ತಾವೇ ಬಿಗಿದ ತಂತಿಯತ್ತ ಬೆರಳು ತೋರಿಸಿದರು.

ಮೇಸ್ತ್ರಿ ತಂತಿ ಕತ್ತರಿಸಿ ಹಲಗೆ ತೆಗೆದ. ವಯರುಗಳನ್ನು ಅದಲುಬದಲು ಮಾಡಿ ಸರಿಯಾಗಿ ಕೂರಿಸಿದ. ಸಡಿಲವಾಗಿದ್ದ ಫ್ಯೂಸನ್ನು ಒತ್ತಿದ. ತಣ್ಣಗಾಗಿದ್ದ ರೇಡಿಯೇಟರಿಗೆ ನೀರು ತುಂಬಿದ. ಒಂದೇ ಸಲಕ್ಕೆ ಕಾರು ಸ್ಟಾರ್ಟ್ ಆಯಿತು. ಎಲ್ಲ ಸೇರಿ ಹದಿನೈದು ನಿಮಿಷದ ಕೆಲಸ. ಆ ಹದಿನೈದು ನಿಮಿಷ ಬಸಲಿಂಗಪ್ಪನವರು ಮೈಲಿಗಲ್ಲಿನ ಮೇಲೆ ಕೂತು ಕೈಗಳನ್ನು ತೊಡೆಯ ಸಂದಿಯಲ್ಲಿ ಹಿಡಿದುಕೊಂಡಿದ್ದರು.

ಸ್ಕೂಟರನ್ನು ಅಲ್ಲೇ ಚಹಾದಂಗಡಿಯಲ್ಲಿ ಬಿಡಿಸಿ ಮೇಸ್ತ್ರಿಯನ್ನೂ ಕರೆದುಕೊಂಡು ಹೊರಟರು. ಮಂಟಪ ಸೇರಿದಾಗ ತಾಳಿ ಕಟ್ಟಿ ಆಗಿತ್ತು. ತಂದೆಯ ಜಾಗದಲ್ಲಿ ಹುಡುಗನ ಸೋದರಮಾವ ನಿಂತಿದ್ದ. ಊಟದ ಮನೆಯಲ್ಲಿ ಪಂಕ್ತಿ ಕೂತಿತ್ತು. ದಸ್ತಗೀರನನ್ನು ಕಂಡದ್ದೇ ನೆಂಟರು ಪಿಸುಗುಟ್ಟತೊಡಗಿದರು. ಇವನೇ ಅಲ್ಲವೇ ಗಾಡಿ ಕೆಡಿಸಿದವನು ಎಂದು ಒಬ್ಬರು ಗಟ್ಟಿಯಾಗಿಯೇ ಕೇಳಿದರು. ಮೇಸ್ತ್ರಿ ತಲೆ ತಗ್ಗಿಸಿ ಬಾಗಿಲ ಕಡೆ ತಿರುಗಿದ.

ಬಸಲಿಂಗಪ್ಪನವರು ಅವನ ಗ್ರೀಸು ಮೆತ್ತಿದ ಕೈ ಹಿಡಿದು ನಿಲ್ಲಿಸಿದರು.

"ಗಾಡಿ ಕೆಡಿಸಿದ್ದು ನಾನು. ಇವನು ರಿಪೇರಿ ಮಾಡಿದ. ಫೋನ್‌ನಾಗೆ ನಾನು ಹೇಳಿದ್ದೆಲ್ಲ ಸುಳ್ಳು. ತಮ್ಮನ ಮಗನ ಮದುವೆ ತಪ್ಪಿಸ್ಕೊಂಡಿದ್ದೂ ನಾನೇ."

ಅವರು ಮೇಸ್ತ್ರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವನ ಎಲೆಗೆ ಮೊದಲು ಬಡಿಸಿ ಎಂದರು.

ನೀತಿ: ಏನಾದರೂ ಕೆಟ್ಟಾಗ ಬೇರೆಯವರ ಕೆಲಸವನ್ನು ಬಿಚ್ಚುವ ಮೊದಲು, ನಮ್ಮ ಕೈ ಕೊನೆಯ ಸಲ ಎಲ್ಲಿ ಆಡಿತ್ತೆಂದು ನೋಡಿಕೊಳ್ಳಬೇಕು. ಅವಸರದ ಕೈ ಒಂದು ದೋಷವನ್ನು ನಾಲ್ಕು ಮಾಡುತ್ತದೆ. ಹತ್ತು ಜನ ಕೇಳುವಂತೆ ಹೊರಿಸಿದ ತಪ್ಪನ್ನು ಹತ್ತು ಜನ ಕೇಳುವಂತೆಯೇ ಇಳಿಸಬೇಕು.